ಚಾವಣಿಯ ಕೆಂಪು ಪೈಪಿನಲ್ಲಿ ನೀರು ಬರುತ್ತದೆಯೇ? ಸ್ಪ್ರಿಂಕ್ಲರ್ ನಿರ್ವಹಣೆಯ ಒಳಹೊರಗು

ಬಿಲ್ಡರ್ ಕಟ್ಟಡವನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಿ ಹೋದ ಮೇಲೆ ನಡೆಯುವ ವಾರ್ಷಿಕ ಸಭೆಯಲ್ಲಿ ಖರ್ಚಿನ ಪಟ್ಟಿ ಓದುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಲಿಫ್ಟಿಗೆ ಸರಿ, ಜನರೇಟರಿಗೆ ಸರಿ, ಈವರೆಗೆ ಒಂದು ದಿನವೂ ಬಳಸದ ಬೆಂಕಿ ಆರಿಸುವ ವ್ಯವಸ್ಥೆಗೆ ಪ್ರತಿವರ್ಷ ಇಷ್ಟು ದುಡ್ಡೇಕೆ? ಪ್ರಶ್ನೆ ಅಸಂಬದ್ಧವೇನಲ್ಲ. ಲಿಫ್ಟ್ ನಿಂತರೆ ಐದು ನಿಮಿಷದಲ್ಲಿ ದೂರು ಬರುತ್ತದೆ. ಚಾವಣಿಯ ಸ್ಪ್ರಿಂಕ್ಲರಿಗೆ ನೀರು ಕೊಡುವ ವಾಲ್ವ್ ಎರಡು ವರ್ಷದಿಂದ ಮುಚ್ಚಿಕೊಂಡಿದ್ದರೆ ಯಾರ ಸ್ನಾನವೂ ತಪ್ಪುವುದಿಲ್ಲ, ಯಾರ ದೂರೂ ಬರುವುದಿಲ್ಲ. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಬಹುಮಹಡಿ ಕಟ್ಟಡಗಳಿಗೆ ವಯಸ್ಸಾಗುತ್ತಿರುವ ಈ ಹೊತ್ತಿನಲ್ಲಿ ಇಂಥ ವ್ಯವಸ್ಥೆಯ ಹೊಣೆ ಎಂಜಿನಿಯರುಗಳ ಕೈಯಿಂದ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಶಿಕ್ಷಕಿಯರು, ಅಂಗಡಿ ಮಾಲೀಕರು ಇರುವ ಸಮಿತಿಗಳ ಕೈಗೆ ಬಂದಿದೆ. ಈ ಲೇಖನ ಅವರಿಗಾಗಿ.

ಗಾಜಿನ ಕಡ್ಡಿಯಿಂದ ಪಂಪ್ ರೂಮಿನವರೆಗೆ

ಚಾವಣಿಯಲ್ಲಿ ಕಾಣುವ ಸ್ಪ್ರಿಂಕ್ಲರ್ ತಲೆಯ ನಡುವೆ ಬೆರಳಿನ ತುದಿಯಷ್ಟು ಉದ್ದದ ಗಾಜಿನ ಕಡ್ಡಿ ಇರುತ್ತದೆ, ಅದರೊಳಗೆ ಬಣ್ಣದ ದ್ರವ. ಪೈಪಿನ ನೀರನ್ನು ತಡೆದಿರುವ ಮುಚ್ಚಳವನ್ನು ಒತ್ತಿ ಹಿಡಿದಿರುವುದು ಆ ಗಾಜು. ಬಿಸಿ ಏರಿದಾಗ ದ್ರವ ಹಿಗ್ಗಿ ಗಾಜು ಒಡೆಯುತ್ತದೆ, ಮುಚ್ಚಳ ಕಳಚಿ ಬೀಳುತ್ತದೆ, ನೀರು ಕೆಳಗಿನ ತಟ್ಟೆಗೆ ಬಡಿದು ಛತ್ರಿಯಾಕಾರದಲ್ಲಿ ಚದುರುತ್ತದೆ. ದ್ರವದ ಬಣ್ಣಕ್ಕೆ ಅರ್ಥವಿದೆ: ಕಿತ್ತಳೆ 57 ಡಿಗ್ರಿ ಸೆಲ್ಸಿಯಸ್‌ಗೆ, ಕೆಂಪು 68ಕ್ಕೆ, ಹಳದಿ 79ಕ್ಕೆ, ಹಸಿರು 93ಕ್ಕೆ ಒಡೆಯುತ್ತದೆ. ಆ ಜಾಗದಲ್ಲಿ ಸಹಜವಾಗಿ ಬರಬಹುದಾದ ಗರಿಷ್ಠ ಉಷ್ಣತೆಗಿಂತ ಸುಮಾರು 30 ಡಿಗ್ರಿ ಹೆಚ್ಚಿನದನ್ನು ಆರಿಸುವುದು ರೂಢಿ. ಹಾಗಾಗಿ ಮನೆ, ಕಚೇರಿ, ಬೇಸ್‌ಮೆಂಟುಗಳಲ್ಲಿ ಕೆಂಪೇ ಹೆಚ್ಚು. ಬಾಯ್ಲರ್ ಕೋಣೆ, ದೊಡ್ಡ ಅಡುಗೆಮನೆ ಅಥವಾ ಕಲಬುರಗಿಯ ಬೇಸಿಗೆಯಲ್ಲಿ ಕಾದ ತಗಡಿನ ಚಾವಣಿಯ ಕೆಳಗೆ ಬೇರೆ ಬಣ್ಣ ಬೇಕಾಗುತ್ತದೆ.

ಸಿನಿಮಾಗಳು ಕಲಿಸಿದ ಒಂದು ಸುಳ್ಳನ್ನು ಇಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಒಂದು ಕಡೆ ಹೊಗೆ ಕಂಡರೆ ಇಡೀ ಮಹಡಿಯ ಸ್ಪ್ರಿಂಕ್ಲರುಗಳು ಒಟ್ಟಿಗೆ ಸುರಿಯುವುದಿಲ್ಲ. ಹೊಗೆಗೆ ಅವು ಜಗ್ಗುವುದೇ ಇಲ್ಲ, ಶಾಖ ತಗುಲಿದ ತಲೆ ಮಾತ್ರ ತೆರೆದುಕೊಳ್ಳುತ್ತದೆ. ಅಮೆರಿಕದಲ್ಲಿ ಅಗ್ನಿ ಸುರಕ್ಷತೆಯ ಸಂಹಿತೆಗಳನ್ನು ರೂಪಿಸುವ ಎನ್‌ಎಫ್‌ಪಿಎ ಸಂಸ್ಥೆಯ ಲೆಕ್ಕದ ಪ್ರಕಾರ, ಸ್ಪ್ರಿಂಕ್ಲರ್ ಕೆಲಸ ಮಾಡಿದ ಬೆಂಕಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕಡೆ ತೆರೆದದ್ದು ಒಂದೇ ಒಂದು ತಲೆ. ಸಾಮಾನ್ಯ ತಲೆಯಿಂದ ಒಂದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ನೀರು ಬರುತ್ತದೆ. ಅಗ್ನಿಶಾಮಕ ಸಿಬ್ಬಂದಿಯ ದೊಡ್ಡ ಹೋಸ್ ಇದರ ಹಲವು ಪಟ್ಟು ಸುರಿಯುತ್ತದೆ. ಸ್ಪ್ರಿಂಕ್ಲರಿನ ಬಲ ಇರುವುದು ನೀರಿನ ಪ್ರಮಾಣದಲ್ಲಿ ಅಲ್ಲ, ಬೆಂಕಿ ಇನ್ನೂ ಚಿಕ್ಕದಿರುವಾಗಲೇ ಅದರ ನೆತ್ತಿಯ ಮೇಲೆ ಇರುವುದರಲ್ಲಿ.

ಈ ತಲೆಗಳ ಹಿಂದೆ ನೀರು ತುಂಬಿ ಒತ್ತಡದಲ್ಲಿರುವ ಪೈಪುಗಳ ಜಾಲ, ಪ್ರತಿ ಮಹಡಿಗೂ ಒಂದು ನಿಯಂತ್ರಣ ವಾಲ್ವ್, ನೀರು ಹರಿದರೆ ಅಲಾರಾಂ ಬಾರಿಸುವ ಫ್ಲೋ ಸ್ವಿಚ್. ಕೆಳಗಿನ ಪಂಪ್ ರೂಮಿನಲ್ಲಿ ಸಾಮಾನ್ಯವಾಗಿ ಮೂರು ಪಂಪುಗಳು. ಚಿಕ್ಕ ಸೋರಿಕೆಯಿಂದ ಇಳಿದ ಒತ್ತಡವನ್ನು ತುಂಬಿಕೊಡಲು ಪುಟ್ಟ ಜಾಕಿ ಪಂಪ್, ನಿಜವಾದ ಬೆಂಕಿಗೆ ವಿದ್ಯುತ್ತಿನ ಮುಖ್ಯ ಪಂಪ್, ವಿದ್ಯುತ್ ಕೈಕೊಟ್ಟರೆ ಡೀಸೆಲ್ ಪಂಪ್. ಒತ್ತಡ ಇಳಿದಂತೆ ಒಂದಾದ ಮೇಲೊಂದು ತಾನಾಗಿ ಶುರುವಾಗುವಂತೆ ಪ್ರೆಶರ್ ಸ್ವಿಚ್‌ಗಳನ್ನು ಹೊಂದಿಸಿರುತ್ತಾರೆ. ಉದಾಹರಣೆಗೆ, ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 7 ಕೆಜಿ ಒತ್ತಡ ಇರಬೇಕಾದಲ್ಲಿ 6ಕ್ಕೆ ಇಳಿದಾಗ ಜಾಕಿ, 5ಕ್ಕೆ ಮುಖ್ಯ ಪಂಪ್, 4ಕ್ಕೆ ಡೀಸೆಲ್. ನಿಮ್ಮ ಕಟ್ಟಡದ ಅಂಕಿಗಳು ಬೇರೆ ಇರಬಹುದು. ಅವನ್ನು ಪಂಪ್ ರೂಮಿನ ಗೋಡೆಯ ಮೇಲೆ ಬರೆದಿರಬೇಕು.

ತೆರೆದಿರಬೇಕಾದ ವಾಲ್ವ್

ಸ್ಪ್ರಿಂಕ್ಲರುಗಳು ಕೈಕೊಡುವುದೇ ಅಪರೂಪ. ಕೊಟ್ಟಾಗ ಕಾರಣ ಏನು? ಎನ್‌ಎಫ್‌ಪಿಎ ವರದಿಗಳಲ್ಲಿ ವರ್ಷಗಳಿಂದ ಬರುತ್ತಿರುವ ಉತ್ತರ ತಂತ್ರಜ್ಞಾನಕ್ಕೆ ಅವಮಾನವೆನ್ನಿಸುವಷ್ಟು ಸರಳ: ಐದರಲ್ಲಿ ಸುಮಾರು ಮೂರು ಪ್ರಕರಣಗಳಲ್ಲಿ ಬೆಂಕಿ ಬೀಳುವ ಮೊದಲೇ ವ್ಯವಸ್ಥೆಯನ್ನು ಯಾರೋ ಬಂದ್ ಮಾಡಿದ್ದರು. ತುಕ್ಕು, ಹಳೆಯ ತಲೆ, ಕೆಟ್ಟ ವಿನ್ಯಾಸ ಎಲ್ಲವೂ ಅದರ ನಂತರ.

ವಾಲ್ವ್ ಮುಚ್ಚುವವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಮೂರನೇ ಮಹಡಿಯಲ್ಲಿ ಒಂದು ಜಾಯಿಂಟ್ ಸೋರುತ್ತದೆ, ಪ್ಲಂಬರ್ ಆ ಮಹಡಿಯ ವಾಲ್ವ್ ತಿರುಗಿಸುತ್ತಾರೆ, ಬಿಡಿಭಾಗ ತರಲು ಹೋಗುತ್ತಾರೆ, ನಾಳೆ ಬರುತ್ತೇನೆ ಎನ್ನುತ್ತಾರೆ. ನಾಳೆ ಸೋರಿಕೆ ಸರಿಯಾಗುತ್ತದೆ, ವಾಲ್ವ್ ಮಾತ್ರ ಹಾಗೇ ಉಳಿಯುತ್ತದೆ. ಇದಕ್ಕೆ ಪರಿಹಾರ ಹಳೆಯದು, ಅಗ್ಗದ್ದು. ನಿಯಂತ್ರಣ ವಾಲ್ವ್‌ಗಳನ್ನು ತೆರೆದ ಸ್ಥಿತಿಯಲ್ಲಿ ಸರಪಳಿ ಹಾಕಿ ಬೀಗ ಜಡಿಯುವುದು. ಮುಚ್ಚಲೇಬೇಕಾದಾಗ ಯಾರು, ಯಾವಾಗ, ಏಕೆ ಎಂದು ಬರೆದ ಕೆಂಪು ಚೀಟಿಯನ್ನು ವಾಲ್ವಿಗೇ ಕಟ್ಟುವುದು, ಅದರ ಪ್ರತಿಯನ್ನು ಭದ್ರತಾ ಕೊಠಡಿಯಲ್ಲಿ ಇಡುವುದು. ವಾಲ್ವ್ ತೆರೆದ ಮೇಲೆಯೇ ಚೀಟಿ ಕಳಚಬೇಕು. ನೀರಿನ ವ್ಯವಸ್ಥೆಗಳ ಪರಿಶೀಲನೆ ಮತ್ತು ನಿರ್ವಹಣೆಗೆಂದೇ ಇರುವ ಎನ್‌ಎಫ್‌ಪಿಎ 25 ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: 24 ಗಂಟೆಗಳಲ್ಲಿ 10 ಗಂಟೆಗಿಂತ ಹೆಚ್ಚು ಕಾಲ ವ್ಯವಸ್ಥೆ ಬಂದ್ ಇದ್ದರೆ ಆ ಭಾಗವನ್ನು ತೆರವು ಮಾಡಬೇಕು, ಇಲ್ಲವೇ ಬೆಂಕಿಯ ಮೇಲೆ ಕಣ್ಣಿಡಲು ಒಬ್ಬರನ್ನು ನೇಮಿಸುವಂಥ ಬದಲಿ ಏರ್ಪಾಟು ಆಗಬೇಕು.

ಬಂದ್ ಆಗದಿದ್ದರೂ ತಪ್ಪಾಗಿ ಹೊಂದಿಸಿದ ವಾಲ್ವ್ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಸಾಕ್ಷಿ. 1991ರ ಫೆಬ್ರವರಿ 23ರ ರಾತ್ರಿ ಆ 38 ಮಹಡಿಗಳ ಕಚೇರಿ ಕಟ್ಟಡದ 22ನೇ ಮಹಡಿಯಲ್ಲಿ, ಅಗಸೆ ಎಣ್ಣೆ ಹತ್ತಿದ ಬಟ್ಟೆಗಳಿಂದ ಬೆಂಕಿ ಹುಟ್ಟಿತು. ಅಗ್ನಿಶಾಮಕ ಸಿಬ್ಬಂದಿ ಮೇಲೆ ಹೋಗಿ ಹೋಸ್ ಜೋಡಿಸಿದರೆ ನೀರಿಗೆ ರಭಸವೇ ಇಲ್ಲ. ಪೈಪುಗಳಲ್ಲಿದ್ದ ಒತ್ತಡ ತಗ್ಗಿಸುವ ವಾಲ್ವ್‌ಗಳನ್ನು ಅಗತ್ಯಕ್ಕಿಂತ ಕಡಿಮೆಗೆ ಹೊಂದಿಸಲಾಗಿತ್ತು, ಅವನ್ನು ಸ್ಥಳದಲ್ಲೇ ಸರಿಪಡಿಸುವ ವಿಧಾನ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಮೂವರು ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಎಂಟು ಮಹಡಿಗಳನ್ನು ಸುಟ್ಟು ಬೆಂಕಿ 30ನೇ ಮಹಡಿ ಮುಟ್ಟಿತು. ಆ ಮಹಡಿಯ ಬಾಡಿಗೆದಾರರು ಸ್ಪ್ರಿಂಕ್ಲರ್ ಹಾಕಿಸಿಕೊಂಡಿದ್ದರು. ಹತ್ತು ತಲೆಗಳು ತೆರೆದವು, ಬೆಂಕಿ ಅಲ್ಲಿಗೆ ನಿಂತಿತು. ಒಂದೇ ಕಟ್ಟಡದಲ್ಲಿ ಪರೀಕ್ಷಿಸದ ವಾಲ್ವ್‌ಗಳ ಬೆಲೆಯೂ ಕೆಲಸ ಮಾಡುವ ಸ್ಪ್ರಿಂಕ್ಲರಿನ ಬೆಲೆಯೂ ಕಂಡದ್ದು ಹೀಗೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತ ನಡೆದು ಒಂಬತ್ತು ಜನ ಸತ್ತದ್ದೂ ಫೆಬ್ರವರಿ 23ರಂದೇ, 2010ರಲ್ಲಿ. ದಿನಾಂಕ ಕೂಡಿಬಂದದ್ದು ಕಾಕತಾಳೀಯ. ಅಲ್ಲಿ ಜನರ ಪ್ರಾಣಕ್ಕೆ ಎರವಾದದ್ದು ಮುಖ್ಯವಾಗಿ ಹೊಗೆ ಮತ್ತು ಹೊರಬರಲು ದಾರಿಯಿಲ್ಲದಿದ್ದುದು. ಆ ವಿಷಯಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಪ್ಯಾನೆಲ್ ‘ಮ್ಯಾನುಯಲ್’ಗೆ ಬರುವುದು ಹೇಗೆ?

ಪಂಪ್ ರೂಮಿನ ಪ್ಯಾನೆಲ್ಲಿನಲ್ಲಿ ‘ಆಟೊ’ ಮತ್ತು ‘ಮ್ಯಾನುಯಲ್’ ಎಂಬ ಎರಡು ಸ್ಥಾನಗಳ ಸ್ವಿಚ್ ಇರುತ್ತದೆ. ಆಟೊದಲ್ಲಿ ಇಲ್ಲದಿದ್ದರೆ ಮೇಲೆ ಹೇಳಿದ ತಾನಾಗಿ ಶುರುವಾಗುವ ಕತೆಯೆಲ್ಲ ವ್ಯರ್ಥ. ಅದು ಮ್ಯಾನುಯಲ್‌ಗೆ ಬರುವ ದಾರಿ ಬಹುಪಾಲು ಕಡೆ ಒಂದೇ ರೀತಿಯದು.

ಎಲ್ಲೋ ಸಣ್ಣ ಸೋರಿಕೆ ಇರುತ್ತದೆ. ಜಾಕಿ ಪಂಪ್ ಗಂಟೆಗೆ ಹಲವು ಬಾರಿ ಶುರುವಾಗಿ ನಿಲ್ಲತೊಡಗುತ್ತದೆ. ಶಬ್ದಕ್ಕೋ ವಿದ್ಯುತ್ ಬಿಲ್ಲಿಗೋ ಬೇಸತ್ತು ಯಾರೋ ಅದನ್ನು ಆರಿಸುತ್ತಾರೆ. ಸೋರಿಕೆ ಮುಂದುವರಿದು ಒತ್ತಡ ಇಳಿಯುತ್ತಾ ಹೋಗಿ ನಡುರಾತ್ರಿ ಮುಖ್ಯ ಪಂಪ್ ಆರ್ಭಟಿಸುತ್ತಾ ಶುರುವಾಗುತ್ತದೆ. ಕೆಳಮಹಡಿಯವರು ಎದ್ದು ಬರುತ್ತಾರೆ. ಏನೂ ಹೇಳಿಕೊಡದೆ ಕಾವಲಿಗೆ ನಿಲ್ಲಿಸಿದ ಭದ್ರತಾ ಸಿಬ್ಬಂದಿ ಸ್ವಿಚ್ ತಿರುಗಿಸುತ್ತಾರೆ. ಮರುದಿನ ಎಲ್ಲರಿಗೂ ನೆಮ್ಮದಿ. ಇದರಲ್ಲಿ ಆ ಸಿಬ್ಬಂದಿಯನ್ನು ಬೈದು ಪ್ರಯೋಜನವಿಲ್ಲ. ಜಾಕಿ ಪದೇ ಪದೇ ಓಡುತ್ತಿದ್ದಾಗಲೇ ‘ಸೋರಿಕೆ ಹುಡುಕಿ’ ಎಂದು ವ್ಯವಸ್ಥೆ ಹೇಳಿತ್ತು.

ಮುಖ್ಯ ಪಂಪಿನ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅದು ತಾನಾಗಿ ಶುರುವಾಗುತ್ತದೆ, ತಾನಾಗಿ ನಿಲ್ಲುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಟು. ಬೆಂಕಿಯ ನಡುವೆ ಒತ್ತಡ ಒಂದು ಕ್ಷಣ ಏರಿತೆಂದು ಪಂಪ್ ನಿಂತುಬಿಡಬಾರದು. ಬೆಂಕಿ ಆರಿದೆಯೆಂದು ಕಣ್ಣಾರೆ ಕಂಡವರು ಕೈಯಿಂದ ನಿಲ್ಲಿಸಬೇಕು. ‘ಪಂಪ್ ನಿಲ್ಲುತ್ತಿಲ್ಲ, ರಿಪೇರಿ ಮಾಡಿ’ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ಟ್ಯಾಂಕ್ ತುಂಬಿಸುವ ಮೋಟಾರಿನ ಹಾಗೆ ಮಾಡಿಸಿಕೊಳ್ಳುವುದು ಅಪಾಯವನ್ನು ದುಡ್ಡು ಕೊಟ್ಟು ತಂದ ಹಾಗೆ.

ಗೇಜ್ 7 ತೋರಿಸಿದರೆ ಸಾಕೇ?

ನಿರ್ವಹಣೆ ಎಂದರೆ ತಿಂಗಳಿಗೊಮ್ಮೆ ಒತ್ತಡ ತೋರಿಸುವ ಗೇಜ್ ನೋಡಿ ರಿಜಿಸ್ಟರಿನಲ್ಲಿ ‘7’ ಎಂದು ಬರೆಯುವುದು ಎಂದು ತಿಳಿದ ಕಟ್ಟಡಗಳು ಬಹಳ. ಆ ಅಂಕಿಯಿಂದ ಗೊತ್ತಾಗುವುದು ನಿಂತ ನೀರಿನ ಒತ್ತಡ ಮಾತ್ರ. ತೋಟಕ್ಕೆ ನೀರು ಬಿಡುವ ಪೈಪಿನ ತುದಿ ಮುಚ್ಚಿ ನಡುವೆ ಅರ್ಧ ಮಡಚಿ ನೋಡಿ. ಮಡಿಕೆಯ ಆಚೆಗೂ ಈಚೆಗೂ ಪೈಪ್ ಅಷ್ಟೇ ಬಿಗಿಯಾಗಿರುತ್ತದೆ. ತುದಿ ಬಿಟ್ಟರೆ ಮಾತ್ರ ನೀರು ಸಣ್ಣಗೆ ಬರುವುದು ಕಾಣುತ್ತದೆ. ಮುಕ್ಕಾಲು ಮುಚ್ಚಿದ ವಾಲ್ವ್ ಇರುವ ಸ್ಪ್ರಿಂಕ್ಲರ್ ಪೈಪಿನಲ್ಲೂ ನಡೆಯುವುದು ಇದೇ. ನೀರು ಹರಿಯುವವರೆಗೆ ಗೇಜ್ ಏನನ್ನೂ ಬಿಟ್ಟುಕೊಡುವುದಿಲ್ಲ.

ಆದ್ದರಿಂದಲೇ ಡ್ರೈನ್ ಪರೀಕ್ಷೆ. ಮುಖ್ಯ ಪೈಪಿನ ಬುಡದಲ್ಲಿ, ಸಾಮಾನ್ಯವಾಗಿ ಎರಡು ಇಂಚಿನ, ಒಂದು ಡ್ರೈನ್ ವಾಲ್ವ್ ಇರುತ್ತದೆ. ಮೊದಲು ನಿಂತ ನೀರಿನ ಒತ್ತಡ ಬರೆದುಕೊಳ್ಳುತ್ತಾರೆ. ಆಮೇಲೆ ಡ್ರೈನ್ ಪೂರ್ತಿ ತೆರೆದು, ನೀರು ರಭಸವಾಗಿ ಹರಿದು ಮುಳ್ಳು ಒಂದೆಡೆ ನಿಂತಾಗ ಆ ಅಂಕಿ ಬರೆಯುತ್ತಾರೆ. ನಂತರ ಮುಚ್ಚಿ, ಒತ್ತಡ ಮೊದಲಿನ ಮಟ್ಟಕ್ಕೆ ಮರಳಲು ಹಿಡಿದ ಸಮಯ ನೋಡುತ್ತಾರೆ. ಮುಖ್ಯವಾದುದು ಎರಡನೆಯ ಅಂಕಿ. ಕಳೆದ ಬಾರಿ ನೀರು ಹರಿಯುವಾಗ 5 ಇದ್ದದ್ದು ಈ ಬಾರಿ 4ಕ್ಕೆ ಬಂದರೆ ಎಲ್ಲೋ ವಾಲ್ವ್ ಅರ್ಧ ಮುಚ್ಚಿದೆ ಅಥವಾ ಪೈಪಿನಲ್ಲಿ ಏನೋ ಸಿಕ್ಕಿಕೊಂಡಿದೆ. ಹಿಂದಿನ ಅಂಕಿಗಿಂತ ಶೇಕಡಾ 10ರಷ್ಟು ಇಳಿಕೆ ಕಂಡರೂ ಕಾರಣ ಹುಡುಕಬೇಕು ಎನ್ನುತ್ತದೆ ಎನ್‌ಎಫ್‌ಪಿಎ 25. ಕಟ್ಟಡ ಹೊಸದಿದ್ದಾಗಿನ ಅಂಕಿ ಕೈಯಲ್ಲಿ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಬಿಲ್ಡರ್ ಬಳಿ ಕೇಳಿ ಪಡೆಯಬೇಕಾದ ಕಾಗದಗಳಲ್ಲಿ ಇದೂ ಒಂದು.

ಇದಕ್ಕೆ ಜೋಡಿಯಾಗಿ ಪೈಪ್ ಜಾಲದ ಅತಿ ದೂರದ ತುದಿಯಲ್ಲಿ ಒಂದು ಚಿಕ್ಕ ಪರೀಕ್ಷಾ ವಾಲ್ವ್ ಇರುತ್ತದೆ. ಅದರಿಂದ ಬರುವ ನೀರು ಒಂದೇ ಸ್ಪ್ರಿಂಕ್ಲರ್ ತೆರೆದಷ್ಟಿರುತ್ತದೆ. ಅದನ್ನು ತೆರೆದರೆ ಫ್ಲೋ ಸ್ವಿಚ್ ಎಚ್ಚೆತ್ತು ಒಂದೂವರೆ ನಿಮಿಷದೊಳಗೆ ಅಲಾರಾಂ ಬಾರಿಸಬೇಕು, ಒತ್ತಡ ಇಳಿದು ಪಂಪ್ ತಾನಾಗಿ ಶುರುವಾಗಬೇಕು. ತಲೆಯಿಂದ ಪಂಪಿನವರೆಗಿನ ಇಡೀ ಸರಣಿಯನ್ನು ಒಂದೇ ಏಟಿಗೆ ಪರೀಕ್ಷಿಸುವ ಇಷ್ಟು ಸುಲಭದ ಉಪಾಯ ಇರುವಾಗ ಅದನ್ನು ಬಳಸದೆ ವರದಿ ಬರೆಯುವವರನ್ನು ಕಂಡರೆ ಸಿಟ್ಟೇ ಬರುತ್ತದೆ.

ಪಂಪ್ ಓಡಿಸುವ ಲೆಕ್ಕ

ಡೀಸೆಲ್ ಪಂಪನ್ನು ವಾರಕ್ಕೊಮ್ಮೆ 30 ನಿಮಿಷ, ವಿದ್ಯುತ್ ಪಂಪನ್ನು ಕಟ್ಟಡಕ್ಕೆ ತಕ್ಕಂತೆ ವಾರಕ್ಕೋ ತಿಂಗಳಿಗೋ ಒಮ್ಮೆ 10 ನಿಮಿಷ ಓಡಿಸಬೇಕು ಎಂಬುದು ಎನ್‌ಎಫ್‌ಪಿಎ 25 ಸಂಹಿತೆಯ ಸೂಚನೆ. ಡೀಸೆಲ್ಲಿಗೆ ಅರ್ಧ ಗಂಟೆ ಏಕೆಂದರೆ ಎಂಜಿನ್ ಪೂರ್ತಿ ಬಿಸಿಯಾದ ಮೇಲಷ್ಟೇ ಅದರ ತಂಪು ಮಾಡುವ ವ್ಯವಸ್ಥೆ, ಎಣ್ಣೆಯ ಒತ್ತಡ ಇವುಗಳ ನಿಜಸ್ಥಿತಿ ತಿಳಿಯುತ್ತದೆ. ಎರಡು ನಿಮಿಷ ಗುಡುಗಿಸಿ ಆರಿಸಿದರೆ ಹೊಗೆ ಬಂದದ್ದಷ್ಟೇ ಲಾಭ. ಡೀಸೆಲ್ ಪಂಪ್ ಕೈಕೊಡುವ ದಿನ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು, ಆಮೇಲೆ ಇಂಧನದ ಟ್ಯಾಂಕನ್ನು.

ಓಡುವಾಗ ಪಂಪಿನ ಶಾಫ್ಟ್ ಹೊರಬರುವ ಜಾಗದ ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಅದನ್ನು ಬಿಗಿಸಿ ನಿಲ್ಲಿಸುವವರಿದ್ದಾರೆ. ನಾರಿನ ಪ್ಯಾಕಿಂಗ್ ಇರುವ ಪಂಪುಗಳಲ್ಲಿ ಆ ಹನಿಗಳು ಬೇಕು. ಶಾಫ್ಟನ್ನು ತಂಪಾಗಿಡುವುದೇ ಅವು. ಧಾರೆಯಾಗಿ ಸುರಿದರೆ ಮಾತ್ರ ರಿಪೇರಿಯ ಮಾತು.

ವರ್ಷಕ್ಕೊಮ್ಮೆ ನಿಜವಾಗಿ ನೀರು ಹರಿಸಿ ಅಳೆಯುವ ಪರೀಕ್ಷೆ ಬೇರೆಯೇ ಇದೆ. ಪಂಪಿನ ಮೇಲೆ ಬರೆದ ಸಾಮರ್ಥ್ಯದ ಶೇಕಡಾ 150ರಷ್ಟು ನೀರು ಎಳೆದಾಗಲೂ ಅದು ತನ್ನ ನಿಗದಿತ ಒತ್ತಡದ ಶೇಕಡಾ 65ಕ್ಕಿಂತ ಕೆಳಗೆ ಬೀಳಬಾರದು. ಪಂಪಿಗೆ ಹೋಗುವ ವಿದ್ಯುತ್ ಲೈನ್ ಪ್ರತ್ಯೇಕವಾಗಿದೆಯೇ ಎಂಬುದನ್ನೂ ಆ ದಿನ ನೋಡಿಬಿಡಬೇಕು. ಬೆಂಕಿ ಬಿದ್ದಾಗ ಮೊದಲು ಮಾಡುವ ಕೆಲಸ ಕಟ್ಟಡದ ವಿದ್ಯುತ್ ಕಡಿತ. ಅದರೊಂದಿಗೆ ಪಂಪೂ ನಿಂತರೆ ಉಳಿಯುವುದು ಡೀಸೆಲ್ಲಿನ ಭರವಸೆ ಮಾತ್ರ.

ಬಣ್ಣ, ಬೀರು, ಫಾಲ್ಸ್ ಸೀಲಿಂಗ್

ತಲೆಗಳು ಹಾಳಾಗುವುದು ಬಹುತೇಕ ಮನೆಯವರ ಕೈಯಿಂದಲೇ. ಪೇಂಟರ್ ಚಾವಣಿಯ ಜೊತೆ ಸ್ಪ್ರಿಂಕ್ಲರಿಗೂ ಒಂದು ಕೈ ಬಳಿದುಬಿಡುತ್ತಾರೆ. ಬಣ್ಣದ ಪದರ ಶಾಖವನ್ನು ತಡೆಯುತ್ತದೆ, ಮುಚ್ಚಳವನ್ನು ಅಂಟಿಸುತ್ತದೆ. ಅಂಥ ತಲೆಯನ್ನು ಥಿನ್ನರ್ ಹಾಕಿ ಒರೆಸಿ ಉಳಿಸಿಕೊಳ್ಳಲು ಬರುವುದಿಲ್ಲ, ಬದಲಾಯಿಸಲೇಬೇಕು. ಒಮ್ಮೆ ಬಿಚ್ಚಿದ ತಲೆಯನ್ನು ಮತ್ತೆ ಹಾಕುವಂತೆಯೂ ಇಲ್ಲ. ಒಳಾಂಗಣ ವಿನ್ಯಾಸದವರು ಚಂದಕ್ಕೆಂದು ಫಾಲ್ಸ್ ಸೀಲಿಂಗ್ ಇಳಿಸಿ ತಲೆಯನ್ನು ಅದರ ಮೇಲೆಯೇ ಬಿಟ್ಟರೆ ಕೆಳಗಿನ ಬೆಂಕಿಯ ಶಾಖ ಅದಕ್ಕೆ ತಡವಾಗಿ ತಲುಪುತ್ತದೆ, ನೀರು ಹಲಗೆಯ ಮೇಲೆ ಬೀಳುತ್ತದೆ. ತಲೆಯ ಕೆಳಗೆ ಸುಮಾರು ಅರ್ಧ ಮೀಟರ್ ಜಾಗ ಖಾಲಿ ಇರಬೇಕು. ಬೇಸ್‌ಮೆಂಟಿನಲ್ಲಿ ಹಳೆಯ ಬೀರು, ಹಾಸಿಗೆ, ರಟ್ಟಿನ ಪೆಟ್ಟಿಗೆಗಳನ್ನು ಚಾವಣಿಯವರೆಗೆ ಪೇರಿಸುವ ನಮ್ಮ ಅಭ್ಯಾಸಕ್ಕೆ ಇದು ನೇರ ವಿರೋಧ.

ತಲೆಗಳಿಗೂ ಆಯಸ್ಸಿದೆ. ಸಾಮಾನ್ಯ ತಲೆಗಳನ್ನು 50 ವರ್ಷಕ್ಕೆ, ಬೇಗ ಸ್ಪಂದಿಸುವ ತೆಳು ಗಾಜಿನವನ್ನು 25 ವರ್ಷಕ್ಕೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಮಾದರಿಯಲ್ಲಿ ಒಂದು ಸೋತರೂ ಆ ಭಾಗದ ಎಲ್ಲವನ್ನೂ ಬದಲಿಸಬೇಕು. ನಮ್ಮ ಬಹುಪಾಲು ಕಟ್ಟಡಗಳಿಗೆ ಅಷ್ಟು ವಯಸ್ಸಾಗಿಲ್ಲ. ಪಂಪ್ ರೂಮಿನಲ್ಲಿ ಬಿಡಿ ತಲೆಗಳ ಪೆಟ್ಟಿಗೆ, ಅದಕ್ಕೆಂದೇ ಇರುವ ಪಾನಾ ಇವೆಯೇ ಎಂಬುದನ್ನು ಮಾತ್ರ ಇವತ್ತೇ ನೋಡಬಹುದು. 300ಕ್ಕಿಂತ ಕಡಿಮೆ ತಲೆಗಳಿರುವ ಕಟ್ಟಡದಲ್ಲಿ ಕನಿಷ್ಠ ಆರು ಬಿಡಿ ತಲೆ ಇರಬೇಕು.

ಪೈಪಿನ ಒಳಗೆ, ತೊಟ್ಟಿಯ ಒಳಗೆ

ನೀರು ತುಂಬಿ ನಿಂತ ಕಬ್ಬಿಣದ ಪೈಪ್ ತುಕ್ಕು ಹಿಡಿಯಲು ಆಮ್ಲಜನಕ ಬೇಕು. ತುಂಬಿದ ನೀರಿನಲ್ಲಿದ್ದ ಆಮ್ಲಜನಕ ಮುಗಿದ ಮೇಲೆ ತುಕ್ಕಿನ ವೇಗ ತಗ್ಗುತ್ತದೆ. ಪೈಪ್ ಖಾಲಿ ಮಾಡಿ ಮತ್ತೆ ತುಂಬಿದಾಗಲೆಲ್ಲ ಹೊಸ ಗಾಳಿ, ಹೊಸ ಆಮ್ಲಜನಕ ಒಳಗೆ ಹೋಗುತ್ತದೆ. ‘ಸ್ವಚ್ಛತೆಗಾಗಿ’ ಇಡೀ ಜಾಲವನ್ನು ಪದೇ ಪದೇ ಖಾಲಿ ಮಾಡಿಸುವುದು ಹಾಗಾಗಿ ಉಪಕಾರಕ್ಕಿಂತ ಅಪಕಾರ. ಸೋರಿಕೆ ಸರಿಪಡಿಸದೆ ಬಿಟ್ಟರೂ ಇದೇ ಆಗುತ್ತದೆ, ಜಾಕಿ ಪಂಪ್ ಪ್ರತಿ ಬಾರಿಯೂ ಹೊಸ ನೀರನ್ನು ತಳ್ಳುತ್ತಿರುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಸುಣ್ಣದ ಪದರವೂ ಸೇರಿಕೊಳ್ಳುತ್ತದೆ. ಐದು ವರ್ಷಕ್ಕೊಮ್ಮೆ ಪೈಪಿನ ಒಂದು ತುದಿ ಬಿಚ್ಚಿ ಒಳಗೆ ನೋಡಬೇಕು ಎಂಬ ನಿಯಮ ಇರುವುದು ಇದಕ್ಕೇ.

ತೊಟ್ಟಿಯ ವಿಷಯದಲ್ಲಿ ಬೆಂಗಳೂರಿಗೆ ಒಂದು ವಿಶೇಷ ಪ್ರಲೋಭನೆ ಇದೆ. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಎದ್ದಾಗ ನೆಲದಡಿಯ ಅಗ್ನಿಶಾಮಕ ತೊಟ್ಟಿ ತುಂಬಿರುವುದು ಯಾರ ಕಣ್ಣಿಗಾದರೂ ಬೀಳುವಂಥದ್ದೇ. ಒಳ್ಳೆಯ ವಿನ್ಯಾಸದಲ್ಲಿ ಟ್ಯಾಂಕರ್ ನೀರು ಮೊದಲು ಅಗ್ನಿಶಾಮಕ ತೊಟ್ಟಿಗೆ ಬಿದ್ದು, ಅದು ತುಂಬಿ ಉಕ್ಕಿದ ನೀರಷ್ಟೇ ಮನೆಬಳಕೆಯ ತೊಟ್ಟಿಗೆ ಹರಿಯುತ್ತದೆ. ಮೀಸಲು ಕರಗುವುದಿಲ್ಲ, ನೀರೂ ಹಳಸುವುದಿಲ್ಲ. ಎರಡು ತೊಟ್ಟಿಗಳ ನಡುವೆ ಕೆಳಗಿನಿಂದ ಯಾರಾದರೂ ಪೈಪ್ ಹಾಕಿದ್ದಾರೆಯೇ ಎಂದು ನೋಡುವುದು ಬೇಸಿಗೆಗೆ ಮುಂಚಿನ ಕೆಲಸ.

ನೀರಿಲ್ಲದೆ ಆರಿಸುವ ವ್ಯವಸ್ಥೆಗಳು

ಸರ್ವರ್ ಕೋಣೆ, ವಿದ್ಯುತ್ ಪ್ಯಾನೆಲ್‌ಗಳಿಗೆ ಅನಿಲದ ಸಿಲಿಂಡರುಗಳಿರುತ್ತವೆ. ಎಫ್‌ಎಂ-200ರಂಥ ಅನಿಲವಾದರೆ ಆರು ತಿಂಗಳಿಗೊಮ್ಮೆ ಸಿಲಿಂಡರಿನ ಅನಿಲದ ಪ್ರಮಾಣ ಮತ್ತು ಒತ್ತಡ ನೋಡಬೇಕು. ಪ್ರಮಾಣ ಶೇಕಡಾ 5ಕ್ಕಿಂತ ಅಥವಾ ಒತ್ತಡ ಶೇಕಡಾ 10ಕ್ಕಿಂತ ಹೆಚ್ಚು ಇಳಿದಿದ್ದರೆ ಮರುಭರ್ತಿ. ಕೇಬಲ್ ಎಳೆಯಲು ಗೋಡೆಗೆ ಕೊರೆದ ತೂತುಗಳಿಂದ ಅನಿಲ ಹೊರಹೋಗುತ್ತದೆ, ಹಾಗಾಗಿ ಕೋಣೆಯ ಬಿಗಿಯೂ ಪರೀಕ್ಷೆಗೆ ಒಳಪಡಬೇಕು. ಇಂಗಾಲದ ಡೈಆಕ್ಸೈಡ್ ಬಳಸುವ ವ್ಯವಸ್ಥೆಯಾದರೆ ಮನುಷ್ಯರು ಒಳಗಿರುವಾಗ ಬಿಡುಗಡೆಯಾದರೆ ಪ್ರಾಣಾಪಾಯ, ತಂತ್ರಜ್ಞರಲ್ಲದವರು ಅದರ ಬಳಿ ಸುಳಿಯಬಾರದು. ಹೋಟೆಲಿನ ಅಡುಗೆ ಒಲೆಗಳ ಮೇಲಿನ ಹುಡ್‌ಗೆ ದ್ರವ ರಾಸಾಯನಿಕದ ವ್ಯವಸ್ಥೆ ಇರುತ್ತದೆ. ಅದರ ಶತ್ರು ಜಿಡ್ಡು. ಶಾಖಕ್ಕೆ ಕರಗಿ ವ್ಯವಸ್ಥೆಯನ್ನು ಚಾಲೂ ಮಾಡುವ ಲೋಹದ ಕೊಂಡಿಗಳ ಮೇಲೆ ಎಣ್ಣೆ ಕೂರುವುದರಿಂದ ಅವನ್ನು ಆರು ತಿಂಗಳಿಗೊಮ್ಮೆ ಬದಲಿಸುತ್ತಾರೆ.

ಗುತ್ತಿಗೆ ಪತ್ರದಲ್ಲಿ ಏನಿರಬೇಕು?

ಭಾರತದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಮತ್ತು ಸ್ಪ್ರಿಂಕ್ಲರುಗಳಿಗೆಂದೇ ಇರುವ ಭಾರತೀಯ ಮಾನಕ ಐಎಸ್ 15105 ಮೂಲ ದಾಖಲೆಗಳು. ಎನ್‌ಎಫ್‌ಪಿಎ 25 ಅನ್ನು ಇಲ್ಲಿಯ ವೃತ್ತಿಪರರೂ ಅನುಸರಿಸುತ್ತಾರೆ. ಅಗ್ನಿಶಾಮಕ ಇಲಾಖೆಯ ಪತ್ರ ಕೈಗೆ ಬಂದರೆ ಕೆಲಸ ಮುಗಿಯಿತೆಂದು ಭಾವಿಸುವಂತಿಲ್ಲ. ಪರಿಶೀಲನೆಯ ದಿನ ಕಟ್ಟಡ ಹೇಗಿತ್ತು ಎಂಬುದಕ್ಕಷ್ಟೇ ಅದು ಆಧಾರ, ಮರುದಿನ ಪ್ಲಂಬರ್ ಮುಚ್ಚಿದ ವಾಲ್ವಿಗೆ ಅಲ್ಲ.

ವಾರ್ಷಿಕ ನಿರ್ವಹಣಾ ಗುತ್ತಿಗೆಗೆ ಸಹಿ ಹಾಕುವ ಮೊದಲು ಅದರಲ್ಲಿ ‘ಪರಿಶೀಲನೆ’ ಎಂಬ ಪದದ ಬದಲು ಯಾವ ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ, ಯಾವ ಅಂಕಿ ದಾಖಲಾಗಬೇಕು ಎಂದು ಬರೆಸಿಕೊಳ್ಳಿ. ನಾಲ್ಕು ಭೇಟಿಯ ವರದಿಗಳಲ್ಲೂ ಡ್ರೈನ್ ತೆರೆದಾಗಿನ ಒತ್ತಡ ದಶಮಾಂಶ ಸಮೇತ ಒಂದೇ ಇದ್ದರೆ ಯಾರೂ ಡ್ರೈನ್ ತೆರೆದಿಲ್ಲ ಎಂದೇ ತಿಳಿಯಬಹುದು. ಪರೀಕ್ಷೆಯ ದಿನ ಸಮಿತಿಯ ಒಬ್ಬರು ಪಂಪ್ ರೂಮಿನಲ್ಲಿ ನಿಂತು ಅಂಕಿಗಳನ್ನು ತಾವೇ ಬರೆದುಕೊಳ್ಳಲಿ, ಕೆಲಸ ಮುಗಿದ ಮೇಲೆ ಎಲ್ಲ ವಾಲ್ವ್ ತೆರೆದಿವೆ, ಸ್ವಿಚ್ ಆಟೊದಲ್ಲಿದೆ ಎಂದು ಕಣ್ಣಾರೆ ನೋಡಲಿ. ಅಲಾರಾಂ ಬಾರಿಸುವುದನ್ನು ನಿವಾಸಿಗಳಿಗೆ ಹಿಂದಿನ ದಿನವೇ ತಿಳಿಸಿರಬೇಕು. ಡ್ರೈನಿನಿಂದ ಬರುವ ನೀರನ್ನು ಚರಂಡಿಗೆ ಬಿಡದೆ ತೊಟ್ಟಿಗೇ ಮರಳುವಂತೆ ಪೈಪ್ ಹಾಕಿಸಿಕೊಂಡರೆ, ‘ನೀರು ದಂಡ’ ಎಂದು ಪರೀಕ್ಷೆಯನ್ನು ಮುಂದೂಡುವವರ ಬಾಯಿಯೂ ಮುಚ್ಚುತ್ತದೆ.